ಒಂದೇ ಬಣ್ಣದ ಪೋಸ್ಟರ್

ಗಂಡ ತೀರಿಕೊಂಡ ಮೂರು ತಿಂಗಳಿಗೆ ಬಂಗಾರಪೇಟೆಯ ನಮ್ಮ ಟೈಲರ್ ಅಂಗಡಿಯ ಬೀಗ ತೆಗೆದೆ. ಧೂಳು ಹೊಡೆದು ನಾಲ್ಕು ದಿನ ಕೂತೆ. ಒಬ್ಬರೂ ಬರಲಿಲ್ಲ. ಅದಕ್ಕೆ ಬೇಸರವೂ ಆಗಲಿಲ್ಲ. ಆಗೆಲ್ಲ ನನಗೆ ಹಾಗೇ ಇತ್ತು. ಊಟದ ಹೊತ್ತಾಯಿತೆಂಬುದು ಗಡಿಯಾರ ನೋಡಿಯೇ ಗೊತ್ತಾಗುತ್ತಿತ್ತು. ಆದರೆ ತಿಂಗಳೊಳಗೆ ವ್ಯಾಪಾರ ಶುರುವಾಗದಿದ್ದರೆ ಅಂಗಡಿಯನ್ನು ಬೇರೆಯವರಿಗೆ ಕೊಡುತ್ತೇನೆಂದು ಮಾಲೀಕರು ಹೇಳಿಬಿಟ್ಟಿದ್ದರು.

ಬಂಗಾರಪೇಟೆಯಲ್ಲಿ ನನ್ನನ್ನು ಯಾರೂ ನೋಡಿರಲಿಲ್ಲ. ಅಂಗಡಿಯಲ್ಲಿ ಕೂರುತ್ತಿದ್ದವರು ನನ್ನ ಗಂಡ. ಹೆಂಗಸರು ಹೊಸ ಬಟ್ಟೆಯ ಜೊತೆ ಅಳತೆಗೆಂದು ಹಳೆಯ ರವಿಕೆಯೊಂದನ್ನು ಕೊಟ್ಟು ಹೋಗುತ್ತಿದ್ದರು. ಅವನ್ನೆಲ್ಲ ಅವರು ಗಂಟು ಕಟ್ಟಿ ಸಂಜೆ ಉರಿಗಾಂನ ಮನೆಗೆ ತರುತ್ತಿದ್ದರು. ಕತ್ತರಿಸಿ ಹೊಲಿಯುತ್ತಿದ್ದವಳು ನಾನು. ನಿಮ್ಮ ಕೈಗೆ ಸಾಟಿಯಿಲ್ಲ ಎಂದು ಯಾರಾದರೂ ಹೊಗಳಿದರೆ, ಮನೆಗೆ ಬಂದು ಅದನ್ನು ನನಗೇ ಹೇಳುತ್ತಿದ್ದರು, ನಾಚಿಕೆಯಿಲ್ಲದ ಮನುಷ್ಯ. ನಾನು ನಗುತ್ತಿದ್ದೆ.

ಪ್ರಚಾರ ಮಾಡೋಣ ಎಂದವನು ಮೈದುನ. ನಮ್ಮ ಕೈಲಿದ್ದ ದುಡ್ಡಿಗೆ ಹೊಸ ಬೋರ್ಡೂ ಇಲ್ಲ, ಆಟೋಗೆ ಮೈಕೂ ಇಲ್ಲ. ಗೋಡೆಗೆ ಅಂಟಿಸುವ ಪೋಸ್ಟರ್ ಮಾತ್ರ, ಅದೂ ಒಂದೇ ಬಣ್ಣದ್ದು.

"ಅಣ್ಣನ್ ಫೋಟೊ ಆಕ್ಸೋಣ ಅತ್ಗೆ. ಜನಕ್ಕೆ ಗೊತ್ತಿರೋ ಮುಖ ಅದೊಂದೇ," ಎಂದ.

"ಆಕ್ಸು," ಎಂದೆ.

ಮೇಲೆ ಅಂಗಡಿಯ ಹೆಸರು, ನಡುವೆ ಅವರ ಮುಖ, ಕೆಳಗೆ 'ಎಂದಿನಂತೆ ತೆರೆದಿದೆ'. ಬಿಳಿ ಕಾಗದ, ಕಪ್ಪು ಶಾಯಿ. ನಮ್ಮ ಕಡೆ ಗೋಡೆಯ ಮೇಲೆ ಕಪ್ಪುಬಿಳುಪಿನ ಮುಖ ಕಂಡರೆ ಅದು ಸಾವಿನ ಸುದ್ದಿ; ಕೆಳಗೆ ಬರೆದದ್ದನ್ನು ಯಾರೂ ಓದುವುದಿಲ್ಲ. ಮೂರು ತಿಂಗಳ ಹಿಂದೆ ಉರಿಗಾಂನ ಗೋಡೆಗಳಿಗೆ ಅವರ ಅಂಥದ್ದೇ ಪೋಸ್ಟರ್ ಅಂಟಿಸಿದ್ದ ನಮ್ಮಿಬ್ಬರಿಗೂ ಇದು ಹೊಳೆಯಲಿಲ್ಲ.

ಬಂಗಾರಪೇಟೆಯ ಗೋಡೆಗಳಿಗೆ ಅಂಟಿಸಿದ ಮರುದಿನ ಜನ ಬಂದರು. ಅಂಗಡಿ ಮುಚ್ಚಿದ್ದೇಕೆಂದು ಅವರಿಗೆ ಈಗ ತಿಳಿದಿತ್ತು. ಕೆಲವರು ಹಾರ ತಂದು, ಹಾಕಲು ಫೋಟೊ ಕಾಣದೆ ಹೊಲಿಗೆ ಮಿಷನ್ ಮೇಲಿಟ್ಟರು. ಸಮಾಧಾನ ಹೇಳಿದರು, ಆಮೇಲೆ ಮೆಲ್ಲಗೆ ತಮ್ಮ ಬಟ್ಟೆ ವಾಪಸ್ ಕೇಳಿದರು. ಮನೆಯಿಂದ ತಂದಿಟ್ಟಿದ್ದ ಗಂಟು ಬಿಚ್ಚಿ ಹುಡುಕಿ ಕೊಟ್ಟೆ. ಆ ಅಂಗಡಿಗೆ ಒಂದೇ ದಿನ ಅಷ್ಟು ಜನ ಹಿಂದೆಂದೂ ಬಂದಿರಲಿಕ್ಕಿಲ್ಲ.

ಕೊನೆಗೆ ಬಂದವರು ಬೂದಿಕೋಟೆಯ ಒಬ್ಬ ಅಜ್ಜಿ. "ನನ್ ಮೊಮ್ಮಗಳ ಮದ್ವೆ ರವಿಕೆ ಪೀಸು ಐತಮ್ಮ, ಕೊಟ್ಬುಡು. ಆ ಪುಣ್ಯಾತ್ಮನ್ ಕೈ ಇನ್ಯಾರ್ಗೆ ಬತ್ತದೆ," ಎಂದು ಕಣ್ಣೊರೆಸಿಕೊಂಡರು.

ಪೀಸು ಕೈಗೆ ಸಿಕ್ಕಿತು. ಆದರೆ ಕೊಡಲಿಲ್ಲ. ಅಜ್ಜಿ ತೊಟ್ಟಿದ್ದ ರವಿಕೆಯನ್ನೇ ನೋಡುತ್ತಿದ್ದೆ.

"ಇದನ್ನ ಒಲ್ದಿದ್ದು ನಾನು ಅಜ್ಜಿ. ಎಲ್ಲಾನೂ ನಾನೇ ಒಲೀತಿದ್ದೆ."

ಅವರು ತೋಳಿನ ಅಂಚನ್ನು ಮಡಿಸಿ ಹೊಲಿಗೆ ನೋಡಿದರು, ನನ್ನ ಬೆರಳು ನೋಡಿದರು. "ಮತ್ತೆ ಆವಪ್ಪ ಏನ್ ಮಾಡ್ತಿದ್ದ?"

"ಇಸ್ತ್ರಿ ಮಾಡೋರು. ಬಂದೋರನ್ನ ಮಾತಾಡ್ಸೋರು."

ಅಜ್ಜಿ ತೋಳಿನ ಅಂಚನ್ನು ಸರಿಮಾಡಿಕೊಂಡು, "ಮುಂದಿನ್ ವಾರ ಬತ್ತೀನಿ, ಒಲ್ದಿಡು," ಎಂದು ಪೀಸು ಬಿಟ್ಟು ಹೋದರು.

ಊರಿಗೆ ಹೋಗುವ ಬಸ್ಸಿನಲ್ಲಿ ಈ ಸುದ್ದಿ ಹೇಳದೆ ಇರುವವರಲ್ಲ ಅಜ್ಜಿ. ಊರಿಗೆಲ್ಲ ಗೊತ್ತಾಗುತ್ತದೆ, ಗಿರಾಕಿಗಳು ಬರುತ್ತಾರೆ, ಅಂಗಡಿ ಉಳಿಯುತ್ತದೆ. ಇಷ್ಟು ವರ್ಷ ಬಂಗಾರಪೇಟೆಯಲ್ಲಿ ಒಳ್ಳೆಯ ಟೈಲರ್ ಎನಿಸಿಕೊಂಡಿದ್ದ ನನ್ನ ಗಂಡ ಮಾತ್ರ ಇನ್ನು ಬರೀ ಇಸ್ತ್ರಿಯವರು. ಅವರಿಗೆ ಉಳಿದಿದ್ದ ಆ ಹೆಸರೊಂದನ್ನೂ ನಾನೇ ಕಿತ್ತುಕೊಂಡಿದ್ದೆ. ಅವರು ತೀರಿಕೊಂಡ ಮೇಲೆ ಮೊದಲ ಸಲ ನಾನು ಅತ್ತೆ.