ನಡುವಿನ ಪದ

ವಾದಿರಾಜ ಮಾಮಾ ಕವಿಯಾಗಿದ್ದರೂ ತಮ್ಮದೆಂದು ಒಂದು ಪದವನ್ನೂ ಬರೆಯುತ್ತಿರಲಿಲ್ಲ. ಫೋನಿನಲ್ಲಿ ಏನಾದರೂ ಟೈಪ್ ಮಾಡಹೊರಟರೆ, ಮುಂದಿನ ಪದ ಇದಿರಬಹುದೆಂದು ಫೋನೇ ಮೂರು ಪದಗಳನ್ನು ಮುಂದಿಡುತ್ತದಲ್ಲ, ಅದರಲ್ಲಿ ನಡುವಿನದನ್ನೇ ಒತ್ತುತ್ತ ಹೋಗುವುದು, ಸಾಕೆನಿಸಿದಾಗ ನಿಲ್ಲಿಸುವುದು. ಬಂದದ್ದೇ ಕವಿತೆ. ನಮ್ಮ ಕನ್ನಡ ಸಂಘದ ಕವಿಗೋಷ್ಠಿಯಲ್ಲಿ ಅದನ್ನು ಗಂಭೀರವಾಗಿ ಓದುತ್ತಿದ್ದರು. ಜನ ಮುಸಿಮುಸಿ ನಗುತ್ತಿದ್ದರು, ನಾನೂ ನಗುತ್ತಿದ್ದೆ.

“ಬೆಳಗ್ಗೆ ಎದ್ರೆ ಇನ್ನೂರು ಮೆಸೇಜ್ ಬಂದು ಬೀಳತ್ತಮ್ಮಾ. ಗುಡ್ ಮಾರ್ನಿಂಗು, ಲೋನು, ಕಷಾಯ. ಲೋಕವೇ ಕಿರಚ್ತಿರೋವಾಗ ನಾನೂ ಯಾಕೆ ಕಿರಚ್ಲಿ? ಸುಮ್ನೆ ಕೇಳ್ತೀನಿ ಅಷ್ಟೆ,” ಎನ್ನುತ್ತಿದ್ದರು.

ಗಿಂಡಿ ಬಡಾವಣೆಯ ವಿಮಾ ಕಚೇರಿಯಲ್ಲಿ ಅವರು ನನಗೆ ಹಿರಿಯ ಸಹೋದ್ಯೋಗಿ. ನಿವೃತ್ತರಾದ ಮೇಲೂ ಶನಿವಾರ ಮಧ್ಯಾಹ್ನ ವಡಪಳನಿಯ ಅವರ ಮನೆಗೆ ಕಾಫಿಗೆ ಹೋಗುತ್ತಿದ್ದೆ. ಒಮ್ಮೆ ಹೊಸ ಕವಿತೆ ಓದಿದರು: ‘ಊಟ ಆಯ್ತಾ ಮಾತ್ರೆ ನುಂಗಿದ್ರಾ ಕೊಡೆ ಮರೀಬೇಡಿ ಬಾಗಿಲು ಶರಿಯಾ ಹಾಕಿ’. ನನ್ನ ನಗು ಅರ್ಧಕ್ಕೇ ನಿಂತಿತು. ಅದು ಅವರ ಹೆಂಡತಿ ರುಕ್ಮಿಣಿ ಮಾಮಿಯ ಮಾತು, ‘ಸರಿಯಾಗಿ’ ಅನ್ನುವ ಕಡೆ ಬರುವ ಆ ತಮಿಳು ‘ಶರಿಯಾ’ ಸಮೇತ. ಮಾಮಿ ತೀರಿಕೊಂಡು ವರ್ಷವಾಗಿತ್ತು. ಮಾಮಾ ಒತ್ತುತ್ತಿದ್ದುದು ಆಕೆಯ ಫೋನನ್ನು. ಆಫೀಸಿನಲ್ಲಿದ್ದ ಗಂಡನಿಗೆ ಆಕೆ ವರ್ಷಗಟ್ಟಲೆ ಕಳಿಸಿದ್ದನ್ನೆಲ್ಲ ಅದು ಕಲಿತಿಟ್ಟುಕೊಂಡಿತ್ತು.

“ಫೋಟೋ, ವೀಡಿಯೋ ಎಲ್ಲ ನೋಡಿದ್ದನ್ನೇ ತೋರಿಸತ್ತೆ. ಇದು ದಿನಾ ಹೊಸದಾಗಿ ಮಾತಾಡತ್ತೆ,” ಎಂದರು.

ಇನ್ನು ನಾನು ಮಾಡಿದ್ದನ್ನು ಹೇಳಬೇಕು. ಮುಂದಿನ ಶನಿವಾರ ಮಾಮಾ ಕಾಫಿ ಬೆರೆಸಲು ಒಳಗೆ ಹೋಗಿದ್ದಾಗ ಆ ಫೋನು ಜಾಗವಿಲ್ಲವೆಂದು ಗೋಳಾಡುತ್ತಿತ್ತು. ಫಾರ್ವರ್ಡುಗಳನ್ನು ಅಳಿಸಿದೆ. ಅದೂ ಸಾಲದೆಂದು ಸೆಟ್ಟಿಂಗ್ಸ್‌ಗೆ ಹೋಗಿ ಸಿಕ್ಕಿದ್ದನ್ನೆಲ್ಲ ಒರೆಸಿದೆ, ಗಮನಿಸದೆ ಕೀಬೋರ್ಡಿನ ನೆನಪನ್ನೂ. ಕಚೇರಿಯಲ್ಲಿ ಎಲ್ಲರ ಫೋನಿಗೂ ನಾನೇ ಡಾಕ್ಟರು ಎಂಬ ಜಂಬ ಬೇರೆ. ಮಾಮಾ ಬಂದು ಒತ್ತಿದರು. ‘ನಾನು ಇದು ಮತ್ತು ನಾನು ಇದು ಮತ್ತು’. ಮತ್ತೆ ಮತ್ತೆ ಒತ್ತಿದರು.

“ಫೋನ್ ಹಳೇದಾಯ್ತು, ತಾನೇ ಅಳಿಸ್ಕೊಂಡ್ಬಿಟ್ಟಿದೆ ಅನ್ಸತ್ತೆ. ಪರವಾಯಿಲ್ಲೆ,” ಎಂದರು. ನಾನು ಹೂಂ ಎಂದೆ. ಎಂಥ ಹೇಡಿ ನಾನು!

ಅಂದಿನಿಂದ ಅವರು ತಮ್ಮ ನಿಯಮ ಬಿಟ್ಟರು. ಮಾಮಿ ಆಡುತ್ತಿದ್ದ ಮಾತುಗಳನ್ನು ನೆನೆನೆನೆದು ತಾವೇ ಟೈಪ್ ಮಾಡಿ ಫೋನಿಗೆ ಕಲಿಸತೊಡಗಿದರು. ಮಗುವಿಗೆ ಅಕ್ಷರ ತಿದ್ದಿಸುವ ಹಾಗೆ ದಿನವಿಡೀ ಒಂದೇ ವಾಕ್ಯ. ಸಂಘಕ್ಕೆ ಬರುವುದೂ ನಿಂತಿತು.

ನಾಲ್ಕು ತಿಂಗಳಾದ ಮೇಲೆ ಕರೆದರು. “ಬಾಮ್ಮಾ, ನೀನೇ ಒತ್ತು. ನಾನು ಒತ್ತಿದ್ರೆ ನಂಗೇ ನಂಬಿಕೆ ಬರಲ್ಲ.”

ಒತ್ತಿದೆ. ಊಟ. ಆಯ್ತಾ. ಮಾತ್ರೆ. ನುಂಗಿದ್ರಾ. ಪ್ರತಿ ಪದಕ್ಕೂ ಮಾಮಾ ತಲೆಯಾಡಿಸಿದರು. ಮುಂದೆ ಒತ್ತಿದೆ. ಪಾಪ. ಅವಳನ್ನ. ಬೈಬೇಡಿ.

ಮಾಮಾ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು.

“ಇದನ್ನ ನಾನು ಕಲಿಸಿಲ್ಲ,” ಎಂದರು. ಮತ್ತೆ ಮೆಲ್ಲಗೆ, “ಯಾರನ್ನಂತೆ?” ಎಂದು ನನ್ನನ್ನೇ ಕೇಳಿದರು.

“ಗೊತ್ತಿಲ್ಲ ಮಾಮಾ,” ಎಂದೆ.

ಶನಿವಾರ ಬಂದಾಗ, ಅಳಿಸಿದ್ದು ನಾನೇ ಎಂದು ಹೇಳಿಬಿಡಬೇಕು ಅಂದುಕೊಂಡು ಮೆಟ್ಟಿಲಿಳಿದೆ. ಮಾಮಾ ಶುಕ್ರವಾರವೇ ಹೋಗಿಬಿಟ್ಟರು.