ಯುದ್ಧವಿಮಾನದ ಹಿಂದಿನ ಸೀಟು

ಇವತ್ತು ಬೆಳಿಗ್ಗೆ ಒಗ್ಗರಣೆಗೆ ಸಾಸಿವೆ ಹಾಕುವ ಹೊತ್ತಿಗೆ ಸರಿಯಾಗಿ ನಮ್ಮ ಯಲಹಂಕದ ಮನೆಯ ಮೇಲೆ ಒಂದು ಯುದ್ಧವಿಮಾನ ಹಾದುಹೋಯಿತು. ಶೆಲ್ಫಿನ ಮೇಲಿನ ಸ್ಟೀಲ್ ಡಬ್ಬಿಗಳ ಮುಚ್ಚಳಗಳೆಲ್ಲ ಒಮ್ಮೆ ಗಲಗಲ ಅಂದವು. ಈ ಕಡೆ ಹೊಸದಾಗಿ ಮನೆ ಮಾಡಿದವರು ಇಂಥ ಸದ್ದಿಗೆ ಬಾಲ್ಕನಿಗೆ ಓಡಿ ಬಂದು ಫೋನು ಹಿಡಿಯುತ್ತಾರೆ. ಹಳಬರಾದ ನಾವು ಆಡುತ್ತಿದ್ದ ಮಾತು ಅರ್ಧಕ್ಕೆ ನಿಲ್ಲಿಸಿ, ಸದ್ದು ಹೋದ ಮೇಲೆ ಅಲ್ಲಿಂದಲೇ ಮುಂದುವರಿಸುತ್ತೇವೆ. ಆದರೆ ಇವತ್ತು ಕಿಟಕಿಯಲ್ಲಿ ಇಣುಕಿದ ನನ್ನ ಬಾಯಿಂದ ತಾನಾಗಿ ಹೊರಟ ಮಾತು ಬೇರೆ: “ಅಯ್ಯೋ, ಇವನಿನ್ನೂ ಸ್ಟ್ಯಾಂಡೇ ತೆಗೆದಿಲ್ಲ!” ಅಂದರೆ, ಚಕ್ರ ಮಡಚಿಕೊಂಡಿಲ್ಲ ಎಂದು. ಅಷ್ಟರಲ್ಲಿ ಸಾಸಿವೆ ಸೀದುಹೋಯಿತು. ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ ನಿವೃತ್ತಳಾದ, ಆರ್.ಟಿ. ನಗರದೊಳಗೆ ಹೊಕ್ಕರೆ ಹೊರಗೆ ಬರುವ ದಾರಿ ಇಂದಿಗೂ ತಿಳಿಯದ ನನ್ನಂಥವಳಿಗೆ ಯುದ್ಧವಿಮಾನದ ಚಕ್ರದ ಉಸಾಬರಿ ಯಾಕೆ ಬಂತು ಅನ್ನುತ್ತೀರಾ? ಕೂತುಕೊಳ್ಳಿ, ಹೇಳುತ್ತೇನೆ. ಸೀದ ವಾಸನೆ ಇನ್ನೂ ಹೋಗಿಲ್ಲ, ನನಗೂ ಅಡುಗೆಮನೆಯ ಕಡೆ ಹೋಗುವ ಮನಸ್ಸಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಮನೆಯವರೂ ನಾನೂ ಮದುವೆಯಾದಾಗಿನಿಂದ ಎಲ್ಲಿಗೆ ಹೋದರೂ ಸ್ಕೂಟರಿನಲ್ಲೇ ಹೋದವರು. ಸ್ಕೂಟರುಗಳು ಬದಲಾದವು, ಕೂರುವ ಕ್ರಮ ಬದಲಾಗಲಿಲ್ಲ. ಅವರು ಕೈಯಿಂದ ಓಡಿಸುತ್ತಿದ್ದರು, ನಾನು ಹಿಂದೆ ಕೂತು ಬಾಯಿಂದ ಓಡಿಸುತ್ತಿದ್ದೆ. “ಹಂಪ್ ಇದೆ ರೀ. ನಾಯಿ ನಾಯಿ. ಬಸ್ಸಿನವನಿಗೆ ದಾರಿ ಬಿಡಿ, ಅವನೇನು ನಿಮ್ಮ ಭಾವಮೈದನಾ ನಿಲ್ಲಿಸೋಕೆ?” ಅವರು ಒಂದು ದಿನವೂ ಉತ್ತರ ಕೊಟ್ಟವರಲ್ಲ. ವಿದ್ಯುತ್ ಇಲಾಖೆಯ ಕೌಂಟರಿನಲ್ಲಿ ಬಿಲ್ಲಿನ ತಕರಾರು ಕೇಳಿಕೊಂಡೇ ನಿವೃತ್ತರಾದವರು, ಕಿವಿ ಪಳಗಿತ್ತು.

ಹೀಗಿರುವಾಗ ಒಂದು ದಿನ ಗಿರಣಿಯಲ್ಲಿ ರಾಗಿ ಬೀಸಿಸಿಕೊಂಡು, ಹಿಟ್ಟಿನ ಡಬ್ಬ ತೊಡೆಯ ಮೇಲಿಟ್ಟುಕೊಂಡು ಬರುತ್ತಿದ್ದೇವೆ, ಯಾರೋ ಮನೆ ಕಟ್ಟಿಸುವವರು ರಸ್ತೆಗೇ ಜಲ್ಲಿ ಸುರಿದಿದ್ದರು. ಸ್ಕೂಟರು ಜಾರಿತು, ನಾವು ಬಿದ್ದೆವು, ಡಬ್ಬದ ಮುಚ್ಚಳ ಹಾರಿತು. ನಾನು ತಲೆಯಿಂದ ಕಾಲಿನವರೆಗೆ ರಾಗಿಹಿಟ್ಟು. ಕಣ್ಣು ಬಿಡಲಾಗುತ್ತಿಲ್ಲ, ಕಾಲು ಎಲ್ಲಿದೆ ಎಂದೇ ತಿಳಿಯುತ್ತಿಲ್ಲ. ಕಷ್ಟಪಟ್ಟು ಒಂದು ಕಣ್ಣು ತೆರೆದಾಗ ನನಗೆ ಕಂಡದ್ದು ಏನು? ನಮ್ಮ ಮನೆಯವರು ಸ್ಕೂಟರನ್ನು ಎತ್ತಿ ನಿಲ್ಲಿಸಿ, ಅದರ ಕನ್ನಡಿಯನ್ನು ಅಂಗಿಯ ತುದಿಯಿಂದ ಒರೆಸಿ ನೋಡುತ್ತಿದ್ದರು. ನನ್ನನ್ನು ಎತ್ತಿದ್ದು ಹೂ ಮಾರುವ ಹೆಂಗಸು.

ಮಂಡಿ ಊದಿದ್ದು ವಾರದಲ್ಲಿ ಇಳಿಯಿತು. ಆದರೆ ಆ ದಿನದಿಂದ ನಾನು ಅವರ ಹಿಂದೆ ಕೂರಲಿಲ್ಲ. “ಭಯ ಆಗುತ್ತೆ” ಅಂದೆ. ಸುಳ್ಳು. ನನಗೆ ಆದದ್ದು ಭಯವಲ್ಲ, ಸಂಕಟ. ಇಷ್ಟು ವರ್ಷ ಸಂಸಾರ ಮಾಡಿದವರಿಗೆ ಮೊದಲು ಕಂಡದ್ದು ಕನ್ನಡಿಯಾ? ಬಾಯಿಬಿಟ್ಟು ಕೇಳಲು ಸ್ವಾಭಿಮಾನ ಅಡ್ಡ, ನುಂಗಿಕೊಳ್ಳಲು ಗಂಟಲು ಅಡ್ಡ. ಹಾಗಾಗಿ ಬಾಗಲಗುಂಟೆಯಲ್ಲಿ ನಾಮಕರಣವಾದರೆ ಅವರು ಸ್ಕೂಟರಿನಲ್ಲಿ, ನಾನು ಬಸ್ಸಿನಲ್ಲಿ. ಶೆಟ್ಟಿಹಳ್ಳಿಯ ಒಂದು ಮದುವೆಗೆ ಅವರು ಮುಂಚೆ ತಲುಪಿ ಊಟಕ್ಕೂ ಕೂತಿದ್ದರು. ನಾನು ಬೆವರು ಒರೆಸಿಕೊಳ್ಳುತ್ತ ಹೋದೆ. ನೆಂಟರಿಗೆ ಇನ್ನೇನು ಬೇಕು? ಚಿಕ್ಕತ್ತೆ ನನ್ನನ್ನು ಮೂಲೆಗೆ ಕರೆದು, “ಈ ವಯಸ್ಸಿಗೆ ಡೈವೋರ್ಸ್ ಎಲ್ಲಾ ಬೇಡ ಕಣೇ, ಹೊಂದ್ಕೊಂಡ್ ಹೋಗು” ಎಂದು ಹೋಳಿಗೆಗೆ ತುಪ್ಪ ಹಾಕಿದರು.

ಸ್ಕೂಟರಿನ ಹಿಂದಿನ ಸೀಟು ಖಾಲಿಯಾದ ಮೇಲೆ ನಮ್ಮ ಮನೆಯವರು ಆಕಾಶಕ್ಕೆ ಏರಿದರು. ಆದದ್ದು ಹೀಗೆ. ಮೇಲಿನ ಮನೆಯಲ್ಲಿ ಇಮ್ತಿಯಾಜ್ ಎಂಬ ಬಾಡಿಗೆದಾರ ಇದ್ದಾನೆ. ಹೆಬ್ಬಾಳದ ಕಡೆ ಆಫೀಸು, ಮೂವತ್ತು ದಾಟಿದ ಹುಡುಗ, ಬಾಯಿ ಜೋರು, ಮನಸ್ಸು ಒಳ್ಳೆಯದು. ಸಿಂಟೆಕ್ಸ್ ತುಂಬಿ ಹರಿಯುತ್ತಿದೆ, ಮೋಟರ್ ಆಫ್ ಮಾಡು ಎಂದು ಹೇಳಲು ಹೋದ ಇವರು ಒಂದು ಗಂಟೆಯಾದರೂ ಇಳಿಯಲಿಲ್ಲ. ನೀರು ಗೋಡೆಯ ಮೇಲೆ ಧಾರೆಯಾಗಿ ಇಳಿಯುತ್ತಿತ್ತು. ಹೋಗಿ ನೋಡಿದರೆ ಇಬ್ಬರೂ ಕಂಪ್ಯೂಟರಿನಲ್ಲಿ ಯಾವುದೋ ದೇಶದ ಸೇತುವೆಗೆ ಬಾಂಬು ಹಾಕುತ್ತ ಕೂತಿದ್ದಾರೆ! ಯುದ್ಧವಿಮಾನ ಹಾರಿಸುವ ಆಟವಂತೆ. ಆಟ ಅಂದರೆ ಇಮ್ತಿಯಾಜನಿಗೆ ಸಿಟ್ಟು ಬರುತ್ತದೆ. “ಗೇಮ್ ಅಲ್ಲ ಆಂಟಿ, ಸಿಮ್ಯುಲೇಟರ್ ಇದು. ನಿಜವಾದ್ ಜೆಟ್‌ನಲ್ಲಿ ಎಷ್ಟು ಸ್ವಿಚ್ ಇದ್ಯೋ ಅಷ್ಟೂ ಇದೆ. ಅಂಕಲ್ ಎಷ್ಟ್ ಬೇಗ ಪಿಕಪ್ ಮಾಡ್ತಿದ್ದಾರೆ ಗೊತ್ತಾ?” ಅರವತ್ತಕ್ಕೆ ಅರಳುಮರಳು ಎಂದು ಗಾದೆ ಮಾಡಿದವರು ನಮ್ಮ ಬೀದಿಯವರೇ ಇರಬೇಕು.

ತಿಂಗಳೊಳಗೆ ನಮ್ಮ ಸಾಮಾನಿನ ಕೋಣೆ ವಾಯುನೆಲೆಯಾಯಿತು. ಇಸ್ತ್ರಿ ಮೇಜಿಗೆ ಜಾಯ್‌ಸ್ಟಿಕ್ ಬಿಗಿದರು. ಕಾಲಲ್ಲಿ ಒತ್ತುವ ಪೆಡಲು ಟೈಲ್ಸ್ ಮೇಲೆ ಜಾರುತ್ತಿತ್ತು. ಅದಕ್ಕೆ ಅಡ್ಡವಾಗಿ ಅಕ್ಕಿ ಡ್ರಮ್ ಇಟ್ಟರು. ವಿಮಾನ ಎಡಕ್ಕೆ ತಿರುಗಿದರೆ ಇವರೂ ಕುರ್ಚಿಯಲ್ಲಿ ಎಡಕ್ಕೆ ವಾಲುತ್ತಿದ್ದರು, ಮೇಲೇರಿದರೆ ಹಂಪ್ ಹತ್ತಿಸುವವರಂತೆ ಸ್ವಲ್ಪ ಎದ್ದು ಕೂರುತ್ತಿದ್ದರು. ಏರುವುದೆಲ್ಲ ಚೆನ್ನಾಗಿಯೇ ಏರುತ್ತಿದ್ದರು. ಇಳಿಯುವಾಗ ಮಾತ್ರ ಚಕ್ರ ಬಿಡುವುದು ಮರೆತು ಹೊಟ್ಟೆಯ ಮೇಲೆ ಇಳಿಸುತ್ತಿದ್ದರು. ಒಂದು ಸಲವೂ ಹೋದ ಕೆಲಸ ಪೂರ್ತಿ ಮುಗಿಸಿ, ವಿಮಾನವನ್ನು ಇಡಿಯಾಗಿ ಮನೆಗೆ ತಂದವರಲ್ಲ. ಅದೊಂದೇ ಆಸೆ ಅವರಿಗೆ.

“ಎರಡು ಸೀಟಿನ ವಿಮಾನ ಒಂದಿದೆ. ಹಿಂದೆ ಕೂತು ರೇಡಾರ್ ನೋಡೋಕೆ ಒಬ್ರು ಬೇಕು,” ಎಂದರು ಒಂದು ಭಾನುವಾರ, ಕಾಫಿ ಲೋಟವನ್ನೇ ನೋಡುತ್ತ.

“ಇಮ್ತಿಯಾಜ್ ಇದ್ದಾನಲ್ಲ.”

“ಅವನಿಗೆ ಶಿಫ್ಟು. ನೀನು ಕೂತ್ಕೊಳ್ಳೇ.”

“ನಿಮ್ಮ ಹಿಂದೆ ಕೂರಲ್ಲ ಅಂದಿದ್ದೀನಲ್ಲ.”

“ಅದು ಸ್ಕೂಟರ್ ಕಣೇ. ಇದು ವಿಮಾನ.”

“ಇನ್ನೂ ಚೆನ್ನಾಯ್ತು. ಅಷ್ಟು ಎತ್ತರದಿಂದ ಬೀಳಿಸ್ತೀರ.”

ಆದರೂ ಕೂತೆ. ಯಾಕೆ ಅಂದರೆ, ಅವರು ಎರಡನೇ ಸಲ ಕೇಳಲಿಲ್ಲ. ಲೋಟ ತೊಳೆದಿಟ್ಟು ಸುಮ್ಮನೆ ಕೋಣೆಗೆ ಹೋದರು. ಗಂಡಸರು ಲೋಟ ತೊಳೆದರೆ ಏನೋ ಆಗಿದೆ ಅಂತಲೇ ಅರ್ಥ. ಇಮ್ತಿಯಾಜ್ ತನ್ನ ಹಳೆಯ ಲ್ಯಾಪ್‌ಟಾಪ್ ತಂದು, ಅವರ ಕುರ್ಚಿಯ ಹಿಂದೆ ನನ್ನ ಹೊಲಿಗೆ ಮಿಷನ್ನಿನ ಮೇಲೆ ಇಟ್ಟುಕೊಟ್ಟ. ಭಯವಾದಾಗೆಲ್ಲ ನನ್ನ ಕಾಲು ಕೆಳಗಿನ ಪೆಡಲನ್ನು ತುಳಿಯುತ್ತಿತ್ತು, ವಿಮಾನಕ್ಕೆ ಹೊಲಿಗೆ ಹಾಕುವವಳ ಹಾಗೆ. ನಾವಿಬ್ಬರೂ ಒಂದು ಮೊಳ ದೂರದಲ್ಲಿದ್ದರೂ ಇವರು ಮೈಕಿನಲ್ಲೇ ಮಾತಾಡುತ್ತಿದ್ದರು. ಒಂದೇ ಮಾತು ನನಗೆ ಮೊದಲು ಗಂಡನಿಂದ, ಆಮೇಲೆ ಹೆಡ್‌ಫೋನಿನಿಂದ ಕೇಳುತ್ತಿತ್ತು. ಸಂಸಾರದಲ್ಲಿ ಒಂದು ಸಲ ಕೇಳುವುದೇ ಹೆಚ್ಚು.

ನಾನು ಕಲಿತ ಮೊದಲ ವಿದ್ಯೆ ಜಿಗಿಯುವುದು. ವಿಮಾನಕ್ಕೆ ಅಪಾಯವಾದಾಗ ಒಂದು ಗುಂಡಿ ಒತ್ತಿದರೆ ಕುರ್ಚಿ ಸಮೇತ ಹೊರಗೆ ಹಾರಿ ಪ್ಯಾರಾಚೂಟಿನಲ್ಲಿ ಇಳಿಯಬಹುದು. ಅವರವರ ಕುರ್ಚಿಗೆ ಅವರವರ ಗುಂಡಿ. ಇವರು ಸ್ವಲ್ಪ ಜೋರಾಗಿ ತಿರುಗಿಸಿದರೂ ಸಾಕು, ನಾನು ಒತ್ತಿಬಿಡುತ್ತಿದ್ದೆ. ಆಮೇಲೆ ನಾನು ಮೋಡಗಳ ನಡುವೆ ಜೋಕಾಲಿ ಆಡುತ್ತ ನಿಧಾನವಾಗಿ ಇಳಿಯುವುದು, ಇವರು ಹಿಂದಿನ ಸೀಟೂ ಇಲ್ಲದ, ಮುಚ್ಚಳವೂ ಇಲ್ಲದ ವಿಮಾನದಲ್ಲಿ ಹೋ ಎಂಬ ಗಾಳಿಯಲ್ಲಿ ಯುದ್ಧಕ್ಕೆ ಹೋಗುವುದು. “ಆಂಟಿ, ಟೇಕಾಫ್‌ಗೆ ಮುಂಚೇನೇ ಯಾರಾದ್ರೂ ಜಿಗೀತಾರಾ?” ಎಂದು ಇಮ್ತಿಯಾಜ್ ತಲೆ ಚಚ್ಚಿಕೊಂಡ. ಇನ್ನೊಂದು ಸಲ ಹಿಂದಿನಿಂದ ಕ್ಷಿಪಣಿ ಬರುತ್ತಿದೆ ಎಂದು ಎಚ್ಚರಿಕೆಯ ಸದ್ದು ಬಂದಾಗ, ವಾಷಿಂಗ್ ಮಿಷನ್ ಮುಗಿಯಿತು ಎಂದುಕೊಂಡು ನಾನು ಎದ್ದು ಬಟ್ಟೆ ಹರವಲು ಹೋದೆ. ವಾಪಸ್ ಬಂದಾಗ ಇವರು ಸತ್ತು, ಬಿಸ್ಕತ್ತು ತಿನ್ನುತ್ತಿದ್ದರು.

ನಿಧಾನಕ್ಕೆ ನನ್ನ ಹಳೆಯ ಬಾಯಿ ಮರಳಿತು. “ಗುಡ್ಡ ಇದೆ ರೀ. ಬಲಗಡೆಯಿಂದ ಒಬ್ಬ ಬಂದ. ನಿಧಾನ, ನಿಧಾನ.” ಇಳಿಯುವ ಮುಂಚೆ ಪ್ರತಿ ಸಲ, “ಸ್ಟ್ಯಾಂಡ್ ಹಾಕಿದ್ರಾ?” ಹಾಗೆ ಕೇಳತೊಡಗಿದ ಮೇಲೆ ಇವರು ಹೊಟ್ಟೆಯ ಮೇಲೆ ಇಳಿಸುವುದು ನಿಂತಿತು. ಆದರೆ ಸ್ಕೂಟರಿನ ಮಾತು ಇವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಸಂಜೆ ತರಕಾರಿಗೆ ನಾನು ನಡೆದೇ ಹೋಗುತ್ತಿದ್ದೆ.

ಆ ವರ್ಷ ಆಯುಧಪೂಜೆ ಬಂತು. ಪ್ರತಿವರ್ಷ ಈಳಿಗೆಮಣೆ, ಕತ್ತರಿ, ಸ್ಕೂಟರುಗಳಿಗೆಲ್ಲ ಪೂಜೆ ಮಾಡುತ್ತೇವೆ. ಒಂದು ಕ್ಷಣ ಯೋಚಿಸಿ, ಇವುಗಳಲ್ಲಿ ಯಾವುದು ಆಯುಧ? ನಮ್ಮ ಮನೆಗೆ ನಿಜವಾದ ಆಯುಧ ಅಂತ ಬಂದದ್ದೇ ಆ ಜಾಯ್‌ಸ್ಟಿಕ್ಕು. ನಾನು ಅದಕ್ಕೆ ವಿಭೂತಿ ಎಳೆದು, ಕುಂಕುಮ ಇಟ್ಟು, ಚೆಂಡುಹೂವು ಮುಡಿಸಿ, ಕೈತುಂಬ ಅಕ್ಷತೆ ಹಾಕಿದೆ. ಮನೆಯವರು ಕೈಮುಗಿದು ನಿಂತರು. ಇಮ್ತಿಯಾಜ್ ಕಡಲೆಪುರಿ ತಿನ್ನುತ್ತ ಫೋಟೋ ತೆಗೆದ.

ಮಾರನೆಯ ದಿನ ವಿಜಯದಶಮಿ, ಮಧ್ಯಾಹ್ನದ ಊಟವಾದ ಮೇಲೆ ಹೊರಟೆವು. ಅವತ್ತು ಏನು ಗಳಿಗೆಯೋ, ಎಲ್ಲವೂ ಕೈಗೂಡಿತು. ಸೇತುವೆ ಬಿತ್ತು. ವಾಪಸ್ ಬರುವಾಗ ಆಕಾಶದಲ್ಲೇ ಇನ್ನೊಂದು ವಿಮಾನದಿಂದ ಇಂಧನ ತುಂಬಿಸಿಕೊಳ್ಳಬೇಕು. ಪೆಟ್ರೋಲ್ ಬಂಕೇ ಮುಂದೆ ಮುಂದೆ ಓಡುತ್ತಿದ್ದರೆ ಹೇಗೋ ಹಾಗೆ. ತಿಂಗಳುಗಟ್ಟಲೆ ಆಗದ ಕೆಲಸ, ಅದೂ ಆಯಿತು. ಇವರ ಬೆನ್ನು ನೋಡಿದರೇ ಗೊತ್ತಾಗುತ್ತಿತ್ತು, ಮನುಷ್ಯ ನಗುತ್ತಿದ್ದಾರೆ ಎಂದು. ಇನ್ನು ಇಳಿಸುವುದೊಂದೇ ಬಾಕಿ. ದೂರದಲ್ಲಿ ರನ್‌ವೇ ಕಾಣಿಸುತ್ತಿತ್ತು.

“ಸ್ಟಿಕ್ ಬರ್ತಿಲ್ಲ,” ಎಂದರು.

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.”

“ತಮಾಷೆ ಅಲ್ವೇ, ಬಲಕ್ಕೇ ಸಿಕ್ಕಾಕೊಂಡಿದೆ!” ವಿಮಾನ ಬಲಕ್ಕೆ ವಾಲತೊಡಗಿತು. ಇವರು ಎದ್ದೇ ನಿಂತು ಎರಡೂ ಕೈಯಿಂದ ಅದನ್ನು ಎಡಕ್ಕೆ ಜಗ್ಗಿದರು. ಇಸ್ತ್ರಿ ಮೇಜು ಕಿರ್ ಅಂದಿತು. ಕುತ್ತಿಗೆಯಲ್ಲಿ ಬೆವರು ಇಳಿಯುತ್ತಿತ್ತು. ಆಮೇಲೆ ಮೈಕು ಕಿತ್ತೆಸೆದು, ತಿರುಗದೆಯೇ ಕೂಗಿದರು: “ನೀನ್ ಜಿಗಿ!”

ಹೇಳದಿದ್ದರೂ ಜಿಗಿಯುತ್ತಿದ್ದವಳು ಹೇಳಿದಾಗ ಜಿಗಿಯಲಿಲ್ಲ. “ವಿಮಾನ?” ಎಂದೆ.

“ಹಾಳಾಗ್ ಹೋಗ್ಲಿ ಕಣೇ ಗಾಡಿ! ನಾನ್ ನೆಟ್ಟಗೆ ಹಿಡ್ಕೊಂಡಿರ್ತೀನಿ, ಮೊದ್ಲು ನೀನ್ ಹೋಗು!”

ನೋಡಿ, ಅದು ಬರೀ ಚಿತ್ರದ ವಿಮಾನ. ಬಿದ್ದರೆ ಯಾರ ಗಂಟೂ ಹೋಗುವುದಿಲ್ಲ. ನಾನು ಕೂತಿರುವುದು ಹೊಲಿಗೆ ಮಿಷನ್ನಿನ ಮುಂದೆ, ಜಿಗಿದರೆ ಸಿಗುವುದು ಹಳೆ ಚಾಪೆ. ನನಗೆ ನಗು ಬರಬೇಕಿತ್ತು. ಬರಲಿಲ್ಲ, ಗುಂಡಿಯ ಮೇಲಿದ್ದ ಬೆರಳು ತೆಗೆದೆ. ತಿಂಗಳುಗಟ್ಟಲೆ ಕನಸು ಕಂಡ ಗಾಡಿಯನ್ನು ಈ ಮನುಷ್ಯ ನನಗೋಸ್ಕರ ಹಾಳಾಗಿ ಹೋಗಲಿ ಅಂದರಲ್ಲ!

“ನಾನ್ ಜಿಗಿಯಲ್ಲ,” ಎಂದೆ.

“ಹೇಳಿದ್ ಮಾತ್ ಕೇಳೇ!”

“ಕೇಳಲ್ಲ. ಎಡಗಾಲ್ ಒತ್ತಿ. ಇನ್ನೂ ಒತ್ತಿ. ಅಕ್ಕಿ ಡ್ರಮ್ ಹೋದ್ರೆ ಹೋಗ್ಲಿ, ಒತ್ತಿ. ಹಾಂ, ನೆಟ್ಟಗಾಯ್ತು. ಸ್ಟ್ಯಾಂಡ್ ಹಾಕಿದ್ರಾ?”

“ಹಾಕ್ದೆ!”

“ನಿಧಾನ. ನಿಧಾನ. ಇಳೀತಿದೆ, ಇಳೀತಿದೆ, ಗರಡಿ ಮನೆ ಪೈಲ್ವಾನ್ ಥರ ಉಸಿರು ಬಿಡ್ಬೇಡಿ, ರನ್‌ವೇ ನೋಡಿ!”

ಕೋಣೆಯಲ್ಲಿ ಅಕ್ಕಿ ಡ್ರಮ್ ಉರುಳಿತು. ಹೊಲಿಗೆ ಮಿಷನ್ನು ರೈಲಿನಂತೆ ಓಡಿತು. ವಿಮಾನ ನೆಲಕ್ಕೆ ಕುಕ್ಕಿ, ರನ್‌ವೇ ಬಿಟ್ಟು, ಬೇಲಿ ಮುರಿದು, ಹುಲ್ಲಿನಲ್ಲಿ ಮೂಗು ಊರಿ ಬಾಲ ಮೇಲೆತ್ತಿ ನಿಂತಿತು. ಆದರೆ ನಿಂತಿತು, ಒಡೆಯಲಿಲ್ಲ. ಇಬ್ಬರೂ ಒಳಗೇ ಇದ್ದೆವು.

ಇವರು ಕುಣಿಯುತ್ತಾರೆ ಅಂದುಕೊಂಡೆ. ತಿರುಗಿ ನೋಡಿದವರು ಗಾಬರಿಯಾದರು, ಯಾಕೆಂದರೆ ನಾನು ಅಳುತ್ತಿದ್ದೆ. ಇಷ್ಟು ದಿನ ನುಂಗಿದ್ದೆಲ್ಲ ಹೊರಬಿತ್ತು. “ಅವತ್ತು ಬಿದ್ದಾಗ ಮೊದ್ಲು ಗಾಡಿ ಎತ್ತಿದ್ರಿ.”

ಅವರು ಕುರ್ಚಿಯನ್ನು ನನ್ನ ಕಡೆ ಎಳೆದುಕೊಂಡರು. “ಗಾಡಿ ನಿನ್ನ ಕಾಲ್ ಮೇಲ್ ಬಿದ್ದಿತ್ತಲ್ಲೇ,” ಎಂದರು ಮೆಲ್ಲಗೆ. “ಎತ್ತದೇ ನಿನ್ನ ಹೇಗ್ ಎಳೀಲಿ?”

ಕಣ್ಣಿನ ತುಂಬ ರಾಗಿಹಿಟ್ಟಿದ್ದವಳಿಗೆ ಅದು ಹೇಗೆ ಕಾಣಬೇಕು? ಆದರೂ ಮೇಷ್ಟ್ರಮ್ಮನ ಬುದ್ಧಿ ಬಿಡುತ್ತದೆಯೇ? “ಹಾಗಾದ್ರೆ ಕನ್ನಡಿ?”

“ಕನ್ನಡಿ...” ತಲೆ ಕೆರೆದುಕೊಂಡರು. “ಅದು ನೋಡಿದ್ದು ಹೌದು. ಹೊಸಾ ಕನ್ನಡಿ ಕಣೇ.”

ಅಳುತ್ತಿದ್ದವಳು ನಕ್ಕುಬಿಟ್ಟೆ. ಇವರ ಮೇಲೆ ಅಷ್ಟು ಪ್ರೀತಿ ಬಂದದ್ದು ಮದುವೆಯ ಹೊಸತರಲ್ಲೂ ಇಲ್ಲ. ಇಬ್ಬರೂ ನೆಲದ ಮೇಲೆ ಕೂತು ಚೆಲ್ಲಿದ ಅಕ್ಕಿ ಬಳಿಯುತ್ತಿದ್ದಾಗ ಇಮ್ತಿಯಾಜ್ ಬಂದ. ಜಾಯ್‌ಸ್ಟಿಕ್ ಬಿಚ್ಚಿ ಅಲ್ಲಾಡಿಸಿದರೆ ಒಳಗಿಂದ ಹಳದಿ ಅಕ್ಷತೆ ಕಾಳು ಪಟಪಟ ಉದುರಿದವು, ಜೊತೆಗೆ ಚೆಂಡುಹೂವಿನ ಎಸಳು. “ಯಾ ಅಲ್ಲಾ! ಆಂಟಿ, ಇನ್ನೊಂಚೂರ್ ಹಾಕಿದ್ರೆ ಬಿರಿಯಾನಿನೇ ಆಗ್ತಿತ್ತಲ್ಲ!” ಎಂದ. ಆಶೀರ್ವಾದ ಹೆಚ್ಚಾದರೂ ಕಷ್ಟವೇ.

ಅವತ್ತು ಸಂಜೆ ದೇವಸ್ಥಾನಕ್ಕೆ ಸ್ಕೂಟರಿನಲ್ಲಿ ಹೋದೆವು. ಅಷ್ಟೇ, ಅದರಲ್ಲಿ ಹೇಳುವಂಥದ್ದೇನೂ ಇಲ್ಲ.

ಇವತ್ತು ಸೀದ ಒಗ್ಗರಣೆಯನ್ನು ಚೆಲ್ಲಿ, ಅವಲಕ್ಕಿಯಲ್ಲೇ ತಿಂಡಿ ಮುಗಿಸಿ, ಚಿಕ್ಕಜಾಲದಲ್ಲಿ ಒಂದು ಗೃಹಪ್ರವೇಶಕ್ಕೆ ಹೊರಟೆವು. ಸರ್ವಿಸ್ ರಸ್ತೆಯಲ್ಲಿ ಹೋಗುವಾಗ ಮುಂದಿನ ಆಟೋದವನು ಹೇಳದೆ ಕೇಳದೆ ನಿಂತುಬಿಟ್ಟ. ನಮ್ಮ ಮನೆಯವರು ಬ್ರೇಕು ಹಿಡಿದರು, ಸ್ಕೂಟರು ಅರ್ಧ ಸುತ್ತು ತಿರುಗಿ ಹೇಗೋ ನಿಂತಿತು. ಕನ್ನಡಿ ಆಟೋಗೆ ತಗುಲಿ ಚಟ್ ಎಂದು ಒಡೆಯಿತು. ಆಟೋದವನು ಇಳಿದು ಬಂದು ಬಾಯಿ ಮಾಡುತ್ತಿದ್ದ, ಹಿಂದಿನವರು ಹಾರ್ನ್ ಹೊಡೆಯುತ್ತಿದ್ದರು. ಇವರು ಯಾವುದನ್ನೂ ನೋಡದೆ ಒಂದು ಕೈ ಹಿಂದೆ ಚಾಚಿ, ತಡವರಿಸಿ, ನನ್ನ ಮಂಡಿ ಮುಟ್ಟಿದರು.

“ಇದ್ದೀಯಾ?”

“ಇದ್ದೀನಿ,” ಎಂದೆ. “ಮುಂದೆ ನೋಡಿ.”