ಮಗ್ಗ ಇದ್ದಲ್ಲೇ ಇರಬೇಕು

...ಅಥವಾ ಗೋಡೆ ಮೊದಲು ಎದ್ದು, ಅಧಿಕಾರಿ ಆಮೇಲೆ ಬಂದರೋ. ನೆನಪಿನಲ್ಲಿ ಎರಡೂ ಒಂದೇ ಬೆಳಗ್ಗೆ ನಡೆಯುತ್ತವೆ, ಹಾಗೆ ನಡೆದಿರಲಾರದು. ಎಪ್ಪತ್ತರ ದಶಕದ ಮೊದಲ ವರ್ಷಗಳು, ದೊಡ್ಡಬಳ್ಳಾಪುರ. ಅಷ್ಟನ್ನು ನಂಬಬಹುದು. ಅಪ್ಪ, ಚಿಕ್ಕಪ್ಪ ಮನೆ ಪಾಲು ಮಾಡಿಕೊಂಡಿದ್ದರು, ನಡುವೆ ಆ ಗೋಡೆ. ಬೀದಿ ಕಡೆಯ ಪಡಸಾಲೆ ಚಿಕ್ಕಪ್ಪನಿಗೆ. ಬಾವಿ, ಅಡಿಗೆಮನೆ, ಕೋಣೆಗಳಿದ್ದ ಹಿಂಭಾಗ ನಮಗೆ. ಮನೆಗಿದ್ದ ಒಂದೇ ವಿದ್ಯುತ್ ಮಗ್ಗವೂ ನಮ್ಮ ಪಾಲಿಗೆ ಬಂತು. ಅದು ಇದ್ದದ್ದು ಪಡಸಾಲೆಯಲ್ಲಿ.

ಬಿಚ್ಚಿ ತಂದು ಈಚೆ ಹೂಡಿಕೊಂಡರಾಯಿತು ಎಂದು ಅಪ್ಪ ಅಂದುಕೊಂಡಿದ್ದರು. ಮಗ್ಗಗಳ ತನಿಖೆಗೆ ಬಂದ ಸರ್ಕಾರಿ ಅಧಿಕಾರಿ ಕೂಡದು ಎಂದರು. ಪರವಾನಗಿ ಕೊಟ್ಟದ್ದು ಬೀದಿ ಬಾಗಿಲಿನ ನಂಬರಿಗೆ. ಮೋಟರಿನ ಕರೆಂಟೂ ಅದಕ್ಕೇ. ಹಿಂಭಾಗಕ್ಕೆ ಈಗ ಬೇರೆ ನಂಬರು. ಮಗ್ಗ ಗೋಡೆ ದಾಟಬೇಕಾದರೆ ಬೆಂಗಳೂರಿನ ಅಪ್ಪಣೆ ಬೇಕು. ಅಪ್ಪ ಬಸ್ಸು ಹತ್ತಿ ಹೋಗಿ ಬಂದರು, ಮತ್ತೆ ಹೋದರು. ಒಂದು ಕಚೇರಿಯವರು ಇನ್ನೊಂದನ್ನು ತೋರಿಸುತ್ತಿದ್ದರು. ಇತ್ತ ಚಿಕ್ಕಪ್ಪ, ಮಗನ ಸಂಸಾರಕ್ಕೆ ಜಾಗ ಬೇಕು, ಮಗ್ಗ ತೆಗೆಯಿರಿ ಎಂದು ಪಡಸಾಲೆಗೆ ಬೀಗ ಹಾಕಿಬಿಟ್ಟರು. ಅರ್ಧ ನೇಯ್ದ ಬಟ್ಟೆ ಮಗ್ಗಕ್ಕೆ ಕಟ್ಟಿದ ಹಾಸಿನ ಎಳೆಗಳಲ್ಲೇ ಉಳಿಯಿತು. ನಮ್ಮ ಊಟ ನಡೆಯುತ್ತಿದ್ದುದು ಆ ಬಟ್ಟೆಯಿಂದ.

ಒಂದು ಸಂಜೆ ಅಮ್ಮ ಹುರುಳಿ ಆರಿಸುತ್ತಾ ಕೇಳಿದಳು: "ಮಗ್ಗ ಕದಲಬಾರ್ದು, ಅಷ್ಟೇ ತಾನೆ? ನಾವು ಕದಲಬಾರ್ದು ಅಂದ್ರಾ?"

"ಅದಕ್ಕೂ ಪರ್ಮಿಟ್ ಕೇಳ್ತಾರೆ ಕಣೆ," ಎಂದರು ಅಪ್ಪ.

"ಕೇಳ್ಲಿ. ಅಷ್ಟೊತ್ತಿಗೆ ಈ ಹಾಸು ನೇಯ್ದು ಮುಗಿಸಿರ್ತೀವಿ."

ಮರುದಿನ ಅವಳೇ ಚಿಕ್ಕಪ್ಪನ ಮುಂದೆ ನಿಂತು, ಹಿಂಭಾಗ ನೀವು ತಗೊಳ್ಳಿ, ಪಡಸಾಲೆ ನಮಗೆ ಕೊಡಿ ಎಂದಳು. ಚಿಕ್ಕಪ್ಪನಿಗೆ ಅನುಮಾನ. "ಬಾವೀನೂ ಬಿಟ್ಕೊಡ್ತೀರಾ ಅತ್ತಿಗೆ?"

"ಬಾವಿ ನೇಯಲ್ಲ ಕಣಪ್ಪ."

ಹೀಗೆ ಮಗ್ಗ ಇದ್ದಲ್ಲೇ ಇದ್ದು ಮನೆಯೇ ಅದರ ಸುತ್ತ ಬಂದಿತು. ಒಂದು ಮೂಲೆಯಲ್ಲಿ ಒಲೆ, ಮಗ್ಗದ ಪಕ್ಕದಲ್ಲಿ ನಮ್ಮ ಹಾಸಿಗೆ. ಸಾರಿನಲ್ಲಿ ನೂಲಿನ ಎಳೆ ಸಿಗುತ್ತಿತ್ತು. ಪಕ್ಕಕ್ಕೆ ತೆಗೆದಿಟ್ಟು ಉಣ್ಣುತ್ತಿದ್ದೆವು. ನೀರಿಗೆ ಬೀದಿ ನಲ್ಲಿ.

ಅಧಿಕಾರಿ ಮತ್ತೆ ಬಂದರು. ಅದೇ ಬಾಗಿಲು, ಅದೇ ನಂಬರು, ಅದೇ ಮಗ್ಗ. ಪಾತ್ರೆಗಳ ನಡುವೆ ನಿಂತು ಅಮ್ಮನಿಗೆ ಏನೋ ಹೇಳಿದರು. ನಕ್ಕರು ಎನ್ನುತ್ತಾಳೆ ಅಕ್ಕ. ನನಗೆ ಅವರ ಮುಖವೇ ನೆನಪಿಲ್ಲ. ಲಾಳಿಯ ಸದ್ದಿನಲ್ಲಿ ಅವರ ಮಾತು ಕೇಳಿಸಲಿಲ್ಲ. ಅಮ್ಮ ಮಗ್ಗ ನಿಲ್ಲಿಸಲಿಲ್ಲ. ಅವರು ಹೊರಟುಹೋದರು.

ಬೆಂಗಳೂರಿನ ಅಪ್ಪಣೆ ಎಂದಾದರೂ ಬಂತೋ ಇಲ್ಲವೋ, ನಾನು ವಿಚಾರಿಸಲಿಲ್ಲ. ಆ ಮಗ್ಗ ಗೋಡೆಯ ಹಿಂದೆ ಓಡಿದ್ದರೆ ಯಾರಿಗೆ ಏನು ಕೆಡುತ್ತಿತ್ತು ಎಂಬುದು ಇವತ್ತಿಗೂ ನನಗೆ ಗೊತ್ತಿಲ್ಲ.